ಸಿಂಹಾಸನವೇರಿದ ಮಗಳು

ಚಿತ್ರಕಾರನೊಬ್ಬನು ತನ್ನ ಮಗಳನ್ನೇ ಎದುರಿಗೆ ಕುಳ್ಳಿರಿಸಿ ಕನ್ಯಾಮರಿಯಮ್ಮನವರ ರೂಪದಲ್ಲಿ ಚಿತ್ರಿಸಿದರೆ ಅದು ಭಕ್ತಿಯೋ, ಮೋಹವೋ? ಅಮೆರಿಕದ ಕಲಾವಿದ ಆಬಟ್ ಹ್ಯಾಂಡರ್ಸನ್ ಥೇಯರ್ (1849-1921) 1891ರಲ್ಲಿ ರಚಿಸಿದ ‘ಸಿಂಹಾಸನಾರೂಢ ಕನ್ಯೆ’ ಎಂಬ ತೈಲಚಿತ್ರವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯದಲ್ಲಿರುವ ಈ ಕೃತಿಯ ನಡುವೆ ಆಸೀನಳಾದವಳು ಅವನ ಹಿರಿಯ ಮಗಳು ಮೇರಿ. ಇಕ್ಕೆಲಗಳಲ್ಲಿ ಇರುವವರು ತಮ್ಮ ಜೆರಾಲ್ಡ್ ಮತ್ತು ತಂಗಿ ಗ್ಲ್ಯಾಡಿಸ್. ಇಬ್ಬರು ಪುತ್ರರು ಎಳವೆಯಲ್ಲೇ ತೀರಿಕೊಂಡಿದ್ದ ಆ ಮನೆಯಲ್ಲಿ ಮಕ್ಕಳ ತಾಯಿಯೂ ಅದೇ 1891ರಲ್ಲಿ ನಿಧನಳಾದಳು.

ಈ ಮೂವರ ಜೋಡಣೆ ಥೇಯರನ ಸ್ವಂತ ಕಲ್ಪನೆಯಲ್ಲ. ಇಟಲಿಯ ಪುನರುಜ್ಜೀವನ ಕಾಲದ ಕಲೆಯಿಂದ ಪಡೆದದ್ದು. ರಾಫೇಲನು ಸುಮಾರು 1505-06ರಲ್ಲಿ ಚಿತ್ರಿಸಿದ, ಈಗ ಫ್ಲಾರೆನ್ಸಿನ ಉಫೀಜಿಯಲ್ಲಿರುವ ಚಿತ್ರವೊಂದನ್ನು ನೋಡಿರಿ. ಮಧ್ಯದಲ್ಲಿ ಮಾತೆ, ಅವರ ಬಳಿಯಲ್ಲಿ ಬಾಲಯೇಸು ಮತ್ತು ಬಾಲ ಯೊವಾನ್ನ; ಮೂವರೂ ಸೇರಿ ತ್ರಿಕೋನವೊಂದನ್ನು ರೂಪಿಸುತ್ತಾರೆ. ಅಲುಗದ ಆ ತ್ರಿಕೋನದಲ್ಲಿ ಕಣ್ಣು ವಿಶ್ರಮಿಸುತ್ತದೆ. ಕುಸಿಯುತ್ತಿದ್ದ ಮನೆಯ ತಂದೆಗೆ ಅಂಥದೊಂದು ಆಧಾರ ಬೇಕಾಗಿತ್ತೆಂದರೆ ಆಶ್ಚರ್ಯವೇನು?

ಆದರ್ಶೀಕರಿಸಿದ ಚಿತ್ರವು ಸುಳ್ಳಿನ ಅಲಂಕಾರವೆಂದು ಆಕ್ಷೇಪಿಸುವವರಿದ್ದಾರೆ. ಸಂತ ತೋಮಸ್ ಅಕ್ವಿನಾಸರು ಸೌಂದರ್ಯಕ್ಕೆ ಪೂರ್ಣತೆ, ಪ್ರಮಾಣಬದ್ಧತೆ, ಪ್ರಭೆ ಎಂಬ ಮೂರು ಲಕ್ಷಣಗಳನ್ನು ಹೇಳಿದರು. ಈ ಪ್ರಭೆಯು ಹೊರಗಿನಿಂದ ಬಳಿದ ಬಣ್ಣವಲ್ಲ. ವಸ್ತುವು ತನ್ನ ನಿಜಸ್ವರೂಪದಲ್ಲಿ ಬೆಳಗುವುದು. ಹಾಗಾದರೆ ಆದರ್ಶೀಕರಣವು ಇರುವ ವ್ಯಕ್ತಿಯನ್ನು ಅಳಿಸಿದಾಗ ಮಾತ್ರ ಸುಳ್ಳಾಗುತ್ತದೆ.

ಥೇಯರನ ಮುಂದೆಯೂ ಆ ಅಪಾಯವಿತ್ತು. 1887ರಲ್ಲೇ ಅವನು ಮೇರಿಗೆ ರೆಕ್ಕೆಗಳನ್ನಿತ್ತು ದೇವದೂತೆಯಾಗಿ ಚಿತ್ರಿಸಿದ್ದನು. ಈಗ ಹದಿನೈದರ ಆಸುಪಾಸಿನ ಬಾಲೆಯ ಮೇಲೆ ತಾಯಿಯ ಸ್ಥಾನದ ಭಾರವನ್ನೇ ಹೊರಿಸಿದನು. ತಂದೆಯ ದುಃಖಕ್ಕೆ ಸಾಂತ್ವನವಾದದ್ದು ಮಗಳ ಹೆಗಲಿಗೆ ಹೊರೆಯಾಗಬಹುದಲ್ಲವೇ? ಆದರೂ ಈ ಚಿತ್ರವನ್ನು ಕಾಪಾಡುವುದು ಆ ಮುಖವೇ. ಅದು ಯಾರದೋ ಸಿದ್ಧ ಮಾದರಿಯ ಮುಖವಲ್ಲ. ಗಂಭೀರಳಾದ, ತಾನೇ ತಾನಾದ ಒಬ್ಬ ಹುಡುಗಿಯ ಮುಖ. ಸಿಂಹಾಸನವು ರಾಫೇಲನ ಪರಂಪರೆಯದು, ಮುಖ ಮೇರಿಯದು.

ಪ್ರಿಯ ಓದುಗರೇ, ಮಕ್ಕಳನ್ನು ನಮ್ಮ ಆಶೆಗಳ ಪೀಠದ ಮೇಲೆ ಕುಳ್ಳಿರಿಸದ ಹೆತ್ತವರು ವಿರಳ. ಎತ್ತರದಲ್ಲಿ ಇರಿಸುವುದು ತಪ್ಪಲ್ಲ. ಅಲ್ಲಿ ಕುಳಿತ ಮೇಲೂ ಮಗುವಿನ ಮುಖ ಮಗುವಿನದಾಗಿಯೇ ಉಳಿದಿದೆಯೇ ಎಂದು ಕಣ್ಣೆತ್ತಿ ನೋಡುವುದು ಪ್ರೀತಿಯ ಕರ್ತವ್ಯ.