ಜೀನ್ಸು ಮತ್ತು ಕ್ಯಾಂಪು

ಪರಭಾಷೆಯಿಂದ ಬಂದ ಶಬ್ದಕ್ಕೆ ಅರ್ಥವನ್ನು ವಿಧಿಸುವುದು ಅದರ ತವರಿನ ನಿಘಂಟೋ, ಅದನ್ನು ನಿತ್ಯ ಆಡುವ ಜನವೋ ಎಂಬ ಸಂಶಯವುಳ್ಳವನು ಪಂಡಿತರನ್ನು ಕಾಣುವುದಕ್ಕಿಂತ ಬಳ್ಳಾರಿಯಲ್ಲೊಂದು ದಿನ ತಿರುಗಾಡಿ, ಮರುದಿನ ಕುರುಗೋಡು, ಸಿರುಗುಪ್ಪಗಳ ಕಡೆಯ ಬಸ್ಸನ್ನೇರುವುದು ಲೇಸು.

ಬಳ್ಳಾರಿಯಲ್ಲಿ ಕಿವಿಗೆ ಬೀಳುವ ಮಾತು ಜೀನ್ಸ್. ಇಟಲಿಯ ಜಿನೋವಾ ಪಟ್ಟಣವನ್ನು ಫ್ರೆಂಚರು ಕರೆಯುತ್ತಿದ್ದ ಹೆಸರೇ ಸವೆದು ಒಂದು ಬಟ್ಟೆಯ ಹೆಸರಾಯಿತು. 1873ರಲ್ಲಿ ಅಮೆರಿಕದ ಲೆವಿ ಸ್ಟ್ರಾಸ್ ಮತ್ತು ಜೇಕಬ್ ಡೇವಿಸರು ದುಡಿಮೆಗಾರರ ಷರಾಯಿಗೆ ಲೋಹದ ರಿವೆಟ್ಟು ಬಡಿಯುವ ಕ್ರಮಕ್ಕೆ ಪೇಟೆಂಟ್ ಪಡೆದರು. ಕಾಲಾಂತರದಲ್ಲಿ ಬಟ್ಟೆಯ ಆ ಹೆಸರು ಷರಾಯಿಗೇ ಅಂಟಿತು. ಇಂಗ್ಲಿಷಿನ ಈ ಬಹುವಚನ ನಮ್ಮಲ್ಲಿ ‘ಒಂದು ಜೀನ್ಸ್’ ಆಗಿ, ಹೊಲಿಗೆಯ ಓಣಿಗಳಲ್ಲಿ ‘ಜೀನ್ಸ್ ಕೆಲಸ’ವೆಂಬ ಜೀವನೋಪಾಯವೂ ಆಗಿದೆ.

ಕುರುಗೋಡು, ಸಿರುಗುಪ್ಪಗಳ ದಾರಿಯಲ್ಲಿ ಕೇಳಿಬರುವ ಕ್ಯಾಂಪಿನ ಗತಿ ಇದಕ್ಕೆ ವಿಲೋಮವಾದುದು. ಅಲ್ಲಿ ಊರು ವಸ್ತುವಾಯಿತು, ಇಲ್ಲಿ ತಂಗುದಾಣ ಊರಾಯಿತು. ಲ್ಯಾಟಿನ್ನಿನಲ್ಲಿ ಬಯಲೆಂಬ ಅರ್ಥದ ಮೂಲದಿಂದ ಹೊರಟು, ಇಂಗ್ಲಿಷಿನಲ್ಲಿ ಗುಡಾರ ಹೂಡಿ ಕೀಳುವ ತಾಣವಾಗಿದ್ದ ಈ ಶಬ್ದವು, 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಆಂಧ್ರದ ಕರಾವಳಿಯಿಂದ ಬಂದು, ಎರೆಭೂಮಿಯನ್ನು ಕೊಂಡು, ಗದ್ದೆಯ ಮಗ್ಗುಲಲ್ಲೇ ಗುಡಿಸಲು ಕಟ್ಟಿದ ರೈತರ ನೆಲೆಗಳಿಗೆ ಅಂಟಿಕೊಂಡು, ಗುಡಿಸಲು ಹೋಗಿ ತಾರಸಿ ಬಂದರೂ ಅಳಿಯಲಿಲ್ಲ.

ಇದನ್ನು ಅಪಪ್ರಯೋಗವೆನ್ನುವವರುಂಟು. ಆದರೆ ದಂಡು ಬೀಡುಬಿಟ್ಟ ಪಾಳೆಯವೇ ಬೆಂಗಳೂರಿನ ಪಾಳ್ಯಗಳಾಗಿಲ್ಲವೇ? ರೋಮನರ ಸೇನಾನೆಲೆಯ ಹೆಸರೇ ಮ್ಯಾಂಚೆಸ್ಟರಿನ ಬಾಲದಲ್ಲಿ ಇಂದಿಗೂ ಉಳಿದಿರುವಾಗ, ಇಂಗ್ಲಿಷರೇ ಮಾಡಿದುದನ್ನು ಸಿರುಗುಪ್ಪದವರು ಮಾಡಬಾರದೆಂಬುದು ಯಾವ ನ್ಯಾಯ? ಕಣ್ಣಿನ ಕ್ಯಾಂಪು ಸಂಜೆಗೆ ಮುಗಿಯುತ್ತದೆ, ಸಾಹೇಬರ ಕ್ಯಾಂಪು ಎರಡು ದಿನಕ್ಕೆ, ಭತ್ತ ಬೆಳೆಯುವ ಕ್ಯಾಂಪು ಮುಗಿಯುವುದೇ ಇಲ್ಲ. ಕೇಳುವವರಾರೂ ಈ ಮೂರರಲ್ಲಿ ತಬ್ಬಿಬ್ಬಾದುದನ್ನು ನಾನು ಕಂಡಿಲ್ಲ.

ಆದರೂ ನಿಘಂಟು ಪೂರ್ಣವಾಗಿ ಸೋತಿತೆನ್ನಲಾರೆ. ಗೋಡೆಗಳಿಂದ ತೊಲಗಿದ ತಾತ್ಕಾಲಿಕತೆಯು ಸಂಬೋಧನೆಯಲ್ಲಿ ಅಡಗಿ ಕುಳಿತಿದೆ: ಕ್ಯಾಂಪಿನಲ್ಲಿಯೇ ಹುಟ್ಟಿ, ಅಲ್ಲಿಯ ಶಾಲೆಯಲ್ಲೇ ಕನ್ನಡ ಕಲಿತು, ಈಗ ಮೊಮ್ಮಕ್ಕಳನ್ನು ಕಂಡವನೂ ಪಕ್ಕದ ಹಳ್ಳಿಯವರ ಬಾಯಲ್ಲಿ ‘ಕ್ಯಾಂಪಿನವ’ನೇ. ಆತನಾದರೋ ಅದನ್ನು ಕೇಳಿಸಿಕೊಂಡೂ ಮುಖ ಕೆಡಿಸಿಕೊಳ್ಳದೆ, ಬಸ್ಸನ್ನೇರಿ, ‘ಕ್ಯಾಂಪಿಗೆ ಒಂದ್ ಟಿಕೀಟ್ ಕೊಡ್ರಿ’ ಎನ್ನುತ್ತಾನೆ.