ನಡೆಯುವ ನಾಣ್ಯ

ನಾಗಮಂಗಲದ ಕಡೆಯಿಂದ ದಿನವೂ ಬಸ್ಸಿನಲ್ಲಿ ಪಾಂಡವಪುರದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಮೊನ್ನೆ ತನ್ನ ಕಾದಂಬರಿಯ ಹಸ್ತಪ್ರತಿಯನ್ನು ತಂದು ನನ್ನ ಮುಂದಿರಿಸಿದನು. ಯಾವ ಭೂಪಟದಲ್ಲಿಯೂ ಇಲ್ಲದ ರಾಜ್ಯವೊಂದರ ಕಥೆ. ಅಲ್ಲಿಯ ನಾಣ್ಯಗಳಿಗೆಲ್ಲ ಗ್ರಹತಾರೆಗಳ ಹೆಸರು.

“ಯಾವ ದೊರೆ ತಾನೆ ಕಾಸಿಗೆ ನಕ್ಷತ್ರದ ಹೆಸರಿಟ್ಟಾನು ಎಂದು ಗೆಳೆಯರು ನಗುತ್ತಾರೆ, ಸಾರ್. ಹರಿದು ಹಾಕಿಬಿಡಲೆ?” ಎಂದನು.

“ಬೇಡಪ್ಪ” ಎಂದೆ. ಪಕ್ಕದ ಶ್ರೀರಂಗಪಟ್ಟಣದ ಟಂಕಸಾಲೆಯಲ್ಲಿ ಟಿಪ್ಪು ಸುಲ್ತಾನನು ಮಾಡಿದ್ದು ಇದನ್ನೇ ಅಲ್ಲವೆ? ಆನೆಯ ಚಿತ್ರವಿದ್ದ ಅವನ ತಾಮ್ರದ ಪೈಸೆಯ ಹೆಸರು ‘ಜೊಹ್ರಾ’, ಎಂದರೆ ಶುಕ್ರ. ಅರ್ಧ ಪೈಸೆ ‘ಬಹ್ರಾಮ್’, ಮಂಗಳ. ಕಾಲು ಪೈಸೆ ‘ಅಖ್ತರ್’, ತಾರೆ. ಅರೆಕಾಲು ಪೈಸೆ ‘ಕುತುಬ್’, ಧ್ರುವ. ಬೆಳ್ಳಿಯ ರೂಪಾಯಿ ‘ಇಮಾಮಿ’ಯಾಯಿತು; ಚಿನ್ನದ ವರಾಹ ‘ಫಾರೂಕಿ’ಯಾಯಿತು. ಹೊಸ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕಾಗಿತ್ತು!

ತಂದೆ ಹೈದರಾಲಿಯ ದಾರಿ ಬೇರೆ. 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಅವನು ಹೊರಡಿಸಿದ ವರಾಹದ ಒಂದು ಮುಖದಲ್ಲಿ ಹಿಂದಿನಂತೆ ಶಿವಪಾರ್ವತಿಯರೇ ಉಳಿದರು. ಇನ್ನೊಂದರಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನಷ್ಟೆ ಒತ್ತಿಸಿದನು. ಕಂಡು ಪಳಗಿದ ಮುಖವನ್ನೇ ಪೇಟೆ ನಂಬುತ್ತದೆಂಬುದನ್ನು ಅವನು ಅರಿತಿದ್ದನೆಂದು ತೋರುತ್ತದೆ.

1799ರಲ್ಲಿ ಟಿಪ್ಪು ಮಡಿದನು. ಆನೆ ಮಾತ್ರ ಮಡಿಯಲಿಲ್ಲ; ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನ ಮೇಲೂ ಅದು ನಿಂತಿತು. ಆದರೆ ಆ ನಕ್ಷತ್ರದ ಹೆಸರುಗಳೆಲ್ಲಿ? ಇಂದು ಕೃಷ್ಣರಾಜಪೇಟೆಯ ಸಂತೆಯಲ್ಲಿ ‘ಜೊಹ್ರಾ’ ಎಂದರೆ ಯಾರಿಗೂ ತಿಳಿಯದು. ಅದೇ ಶ್ರೀರಂಗಪಟ್ಟಣದಲ್ಲಿ ಹದಿನೇಳನೆಯ ಶತಮಾನದ ಕಂಠೀರವ ನರಸರಾಜ ಒಡೆಯರು ಅಚ್ಚು ಹಾಕಿಸಿದ ಮೆಣಸುಕಾಳಿನಷ್ಟು ಪುಟ್ಟ ಚಿನ್ನದ ನಾಣ್ಯವನ್ನು ಜನ ಕರೆದುದು ‘ಹಣ’ವೆಂದೇ. ‘ದುಡ್ಡು’ ಕೂಡ ಹಿಂದೆ ಒಂದು ತಾಮ್ರದ ನಾಣ್ಯ. ಆ ನಾಣ್ಯಗಳು ಮರೆಯಾಗಿ ಎಷ್ಟೋ ಕಾಲವಾಯಿತು. ಹೆಸರುಗಳು ಮಾತ್ರ ಇಂದಿಗೂ ನಮ್ಮ ನಾಲಗೆಯ ಮೇಲೆ ನಡೆಯುತ್ತಿವೆ. ಅಚ್ಚು ಅರಸನದು, ಚಲಾವಣೆ ಜನರದು.

“ನಿನ್ನ ನಕ್ಷತ್ರಗಳು ಇರಲಿ. ಆದರೆ ನಿನ್ನ ರಾಜ್ಯದ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬಳನ್ನು ಕೂರಿಸು. ಆ ನಾಣ್ಯವನ್ನು ಅವಳು ಏನೆಂದು ಕರೆಯುತ್ತಾಳೆ, ಕೇಳಿ ಬರೆ” ಎಂದೆ.

ವಾರದ ಮೇಲೆ ಹುಡುಗ ಹೊಸ ಪುಟದೊಡನೆ ಬಂದನು. ಮಹಾರಾಜನ ‘ಸ್ವಾತಿ’ ನಾಣ್ಯವನ್ನು ಅಜ್ಜಿ ‘ಬೆಕ್ಕಿನ ಕಾಸು’ ಎನ್ನುತ್ತಾಳಂತೆ. ಅದರ ಮೇಲೆ ಕೆತ್ತಿದ್ದ ರಾಜಸಿಂಹ ಅವಳ ಮುಪ್ಪಿನ ಕಣ್ಣಿಗೆ ಬೆಕ್ಕಾಗಿ ಕಂಡಿತ್ತು.

“ಇನ್ನು ನಿನ್ನ ನಾಣ್ಯ ನಡೆಯುತ್ತದೆ” ಎಂದೆ.