ಬರಹದ ಎಡಿಟರೂ ಹೊರಗಿನ ಕೆಲಸಗಾರರೂ

ದೇವದುರ್ಗ ಎಂಬ ಊರಿನ ಹೆಸರನ್ನು ಕಂಪ್ಯೂಟರಿನಲ್ಲಿ ಬರೆಯುವುದು ಕಷ್ಟದ ಕೆಲಸವೆಂದು ಯಾರೂ ಎಣಿಸುವುದಿಲ್ಲ. ಆದರೆ ತೆರೆಯ ಮೇಲೆ ಕಣ್ಣಿಗೆ ಒಂದೇ ಆಗಿ ತೋರುವ ಈ ಹೆಸರು ಯಂತ್ರದ ಸ್ಮೃತಿಯಲ್ಲಿ ಎರಡು ಬೇರೆ ಬೇರೆ ರೂಪಗಳಲ್ಲಿರಬಹುದು. 'ದೇ' ಎಂಬ ಮೊದಲ ಅಕ್ಷರವನ್ನು ಯೂನಿಕೋಡ್ ಸಂಕೇತದಲ್ಲಿ ದಕಾರದ ಮುಂದೆ ಏತ್ವನ ದೀರ್ಘವೆಂಬ ಒಂದೇ ಚಿಹ್ನೆಯನ್ನಿಟ್ಟು ಬರೆಯಬಹುದು. ಏತ್ವವನ್ನು ಬೇರೆಯಾಗಿ, ದೀರ್ಘವನ್ನು ಬೇರೆಯಾಗಿ, ಎರಡು ಚಿಹ್ನೆಗಳನ್ನಿಟ್ಟೂ ಬರೆಯಬಹುದು. ಇವೆರಡೂ ಸಮಾನವೆಂದು ಯೂನಿಕೋಡಿನ ನಿಯಮವೇನೋ ಸಾರುತ್ತದೆ. ಆದರೆ ಚಿಹ್ನೆಗೆ ಚಿಹ್ನೆಯನ್ನು ಹೊಂದಿಸಿ ನೋಡುವ ಸರಳ ಹುಡುಕಾಟಕ್ಕೆ ಆ ನಿಯಮದ ಅರಿವಿಲ್ಲ. ಸಾವಿರ ಸಾಲುಗಳ ಪಟ್ಟಿಯೊಂದರಲ್ಲಿ ದೇವದುರ್ಗವನ್ನು ಹುಡುಕಹೊರಟರೆ ಕೆಲವು ದೇವದುರ್ಗಗಳು ಸಿಕ್ಕಿ, ಉಳಿದವು ಕಣ್ಣೆದುರಿಗೇ ಇದ್ದರೂ ಸಿಕ್ಕದೆ ಹೋಗುವುದು ಹೀಗೆ. ಮಾನ್ವಿಯ ತೊಡಕು ಇನ್ನೊಂದು ಬಗೆಯದು. ಆ ಊರನ್ನು 'ಮಾನ್ವಿ' ಎಂದು ಬರೆಯುವವರೂ ಉಂಟು, 'ಮಾನವಿ' ಎಂದು ಬರೆಯುವವರೂ ಉಂಟು. ಓದುವವನಿಗೆ ಊರು ಒಂದೇ, ಯಂತ್ರಕ್ಕೆ ಎರಡು.

ಇದು ಕೇವಲ ಕಾಗುಣಿತದ ಚರ್ಚೆಯೆಂದು ವಾಚಕರು ಬದಿಗಿಡಬಾರದು. ಪಡಿತರದ ಪಟ್ಟಿ, ಪಹಣಿ, ವಿದ್ಯಾರ್ಥಿವೇತನದ ಪಟ್ಟಿ ಇವೆಲ್ಲವೂ ಯಂತ್ರಕ್ಕೆ ಸೇರಿರುವ ಈ ದಿನಗಳಲ್ಲಿ ಊರಿನ ಹೆಸರು ಹೊಂದದೆ ಹೋದರೆ ಆ ಸಾಲಿನಲ್ಲಿರುವ ಮನುಷ್ಯನೂ ಹೊಂದದೆ ಹೋಗುತ್ತಾನೆ. ರಾಯಚೂರು ಜಿಲ್ಲೆಗಂತೂ ಈ ತೊಂದರೆ ಹೆಚ್ಚಿನದು. 1956ರ ನವೆಂಬರ್ 1ರವರೆಗೆ ಹೈದರಾಬಾದಿಗೆ ಸೇರಿದ್ದ ಈ ಸೀಮೆಯ ಊರುಗಳ ಹೆಸರುಗಳು ಉರ್ದು, ಇಂಗ್ಲಿಷ್, ಕನ್ನಡ ಎಂಬ ಮೂರು ಬರವಣಿಗೆಗಳನ್ನು ಹಾದು ಬಂದಿವೆ. ಹಾದಿಯಲ್ಲಿ ಒಂದೊಂದು ಕಡೆ ಒಂದೊಂದು ರೂಪವನ್ನು ತಾಳಿವೆ.

ಇದಕ್ಕೆ ಕಂಪ್ಯೂಟರು ತಾನಾಗಿ ಸೇರಿಸಿದ ತೊಡಕೂ ಒಂದಿದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ರೂಢಿಗೆ ಬರಲು ಬಹಳ ಕಾಲ ಹಿಡಿಯಿತು. ಅಷ್ಟರಲ್ಲಿ ನಮ್ಮ ಅಚ್ಚುಕೂಟಗಳೂ ಡಿ.ಟಿ.ಪಿ. ಅಂಗಡಿಗಳೂ ಕಛೇರಿಗಳೂ ನುಡಿ, ಬರಹ ಮೊದಲಾದ ತಂತ್ರಾಂಶಗಳ ಫಾಂಟುಗಳಲ್ಲಿ ಅಪಾರವಾದ ಕನ್ನಡವನ್ನು ಟೈಪು ಮಾಡಿದ್ದವು. ಆ ಫಾಂಟುಗಳಲ್ಲಿ ಶೇಖರವಾದದ್ದು ಅಕ್ಷರವಲ್ಲ, ಅಕ್ಷರದ ಚೂರುಗಳ ಚಿತ್ರ. ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ತಲಕಟ್ಟು, ಏತ್ವ, ದೀರ್ಘ, ಒತ್ತುಗಳನ್ನು ಕೂರಿಸಲಾಗಿತ್ತು. ದೇವದುರ್ಗದ 'ರ್ಗ' ಎಂಬಲ್ಲಿ ಕಣ್ಣಿಗೆ ಕಾಣುವಂತೆ ಗಕಾರ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡಿನಲ್ಲಾದರೋ ಉಚ್ಚಾರದ ಕ್ರಮದಂತೆ ರಕಾರ ಮೊದಲು, ಗಕಾರ ತರುವಾಯ. ಆದುದರಿಂದ ಹಳೆಯದನ್ನು ಹೊಸದಕ್ಕೆ ತರುವುದೆಂದರೆ ಒಂದು ಚಿಹ್ನೆಯನ್ನು ತೆಗೆದು ಇನ್ನೊಂದನ್ನು ಇಡುವಷ್ಟು ಸುಲಭವಲ್ಲ, ಸ್ಥಾನಪಲ್ಲಟವನ್ನೂ ಮಾಡಬೇಕು. ಅಜಾಗರೂಕ ಪರಿವರ್ತಕವು ಏತ್ವವನ್ನೂ ದೀರ್ಘವನ್ನೂ ಕೂಡಿಸದೆ ಬಿಡಿಬಿಡಿಯಾಗಿಯೇ ಇಟ್ಟುಬಿಡುತ್ತದೆ. ಮೊದಲು ಹೇಳಿದ ಎರಡು ದೇವದುರ್ಗಗಳು ಹುಟ್ಟುವ ದಾರಿಗಳಲ್ಲಿ ಇದೂ ಒಂದು.

ಈ ಕೆಲಸವನ್ನು ಜನ ಸಾಮಾನ್ಯವಾಗಿ ಎರಡು ವಿಧದಲ್ಲಿ ಮಾಡುತ್ತಾರೆ. ಒಂದು, ಕುಳಿತು ಕೈಯಿಂದ ತಿದ್ದುವುದು. ಇದರ ಬಗೆಗೆ ಹೇಳಲು ಏನೂ ಇಲ್ಲ. ಬೆನ್ನು ನೋಯುತ್ತದೆ, ಅಷ್ಟೆ. ಇನ್ನೊಂದು, ಬರಹವನ್ನು ನಕಲಿಸಿಕೊಂಡು ಅಂತರ್ಜಾಲದಲ್ಲಿರುವ ಯಾವುದಾದರೊಂದು ಪರಿವರ್ತಕದ ಪೆಟ್ಟಿಗೆಯೊಳಗೆ ಸುರಿದು, ಬಂದ ಫಲವನ್ನು ಮರಳಿ ತಂದು ಅಂಟಿಸುವುದು. ಈ ಎರಡನೆಯ ಅಭ್ಯಾಸವನ್ನು ನಾವು ಒಪ್ಪಲಾರೆವು. ಒಬ್ಬ ರೈತನ ಹೆಸರು, ಸರ್ವೆ ನಂಬರು, ಬ್ಯಾಂಕಿನ ಖಾತೆ ಇರುವ ಪಟ್ಟಿಯನ್ನು ಯಾರ ಒಡೆತನದ್ದೆಂದೂ ಅರಿಯದ ದೂರದ ಯಂತ್ರಕ್ಕೆ ಒಪ್ಪಿಸುವ ಅಧಿಕಾರವನ್ನು ಆ ರೈತ ಯಾರಿಗೂ ಕೊಟ್ಟಿಲ್ಲ. ಅಲ್ಲದೆ ಸಂಪರ್ಕ ಕಡಿದುಹೋದ ಮಧ್ಯಾಹ್ನ ಕೆಲಸವೂ ನಿಂತುಹೋಗುತ್ತದೆ.

ಇವೆರಡಕ್ಕಿಂತ ಹಳೆಯದೂ ಉತ್ತಮವೂ ಆದ ಮೂರನೆಯ ದಾರಿಯೊಂದಿದೆ. ಬರಹವನ್ನು ತಿದ್ದುವ ಎಡಿಟರಿನಲ್ಲಿ ಕುಳಿತಲ್ಲಿಂದಲೇ ಅದೇ ಯಂತ್ರದಲ್ಲಿರುವ ಬೇರೊಂದು ಪ್ರೋಗ್ರಾಮನ್ನು ಕರೆದು, ಬರಹವನ್ನು ಅದರ ಕೈಗೆ ಕೊಟ್ಟು, ಅದು ಮಾಡಿ ಕೊಟ್ಟದ್ದನ್ನು ಅದೇ ಜಾಗದಲ್ಲಿ ಹಾಕಿಸಿಕೊಳ್ಳುವುದು. ಮಾನ್ವಿ ಸೀಮೆಯ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆತನ ಅಕ್ಕಿಯ ಗಿರಣಿಯನ್ನು ಮನೆಯ ಪಡಸಾಲೆಯಲ್ಲಿ ಕಟ್ಟಿಸಿಕೊಳ್ಳುವುದಿಲ್ಲ. ಭತ್ತವನ್ನು ಗಿರಣಿಗೆ ಕಳಿಸಿ ಅಕ್ಕಿಯನ್ನು ಮನೆಗೆ ತರಿಸುತ್ತದೆ. ಎಡಿಟರು ಮನೆ, ವಿಂಗಡಿಸುವ, ಸೋಸುವ, ಪರಿವರ್ತಿಸುವ ಪ್ರೋಗ್ರಾಮುಗಳು ಗಿರಣಿಗಳು. ಆದರೆ ಈ ಗಿರಣಿಗಳು ಊರಾಚೆ ಇಲ್ಲ, ನಮ್ಮ ಯಂತ್ರದೊಳಗೇ ಇವೆ ಎಂಬುದು ಮುಖ್ಯ.

ಈ ವಿಚಾರ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬೆಳೆಯಿತು. ಪ್ರೋಗ್ರಾಮುಗಳನ್ನು ತೋಟಕ್ಕೆ ನೀರು ಹಾಯಿಸುವ ರಬ್ಬರ್ ಕೊಳವೆಯ ತುಂಡುಗಳಂತೆ ಒಂದಕ್ಕೊಂದು ಜೋಡಿಸುವಂತಿರಬೇಕೆಂದು ಡಗ್ಲಸ್ ಮೆಕಿಲ್ರಾಯ್ 1964ರಲ್ಲಿಯೇ ಸೂಚಿಸಿದ್ದರು. 1973ರಲ್ಲಿ ಕೆನ್ ಥಾಂಪ್ಸನ್ ಯೂನಿಕ್ಸ್ ವ್ಯವಸ್ಥೆಯಲ್ಲಿ 'ಪೈಪ್' ಎಂಬ ಹೆಸರಿನಿಂದ ಅದನ್ನು ಕಾರ್ಯಗತಗೊಳಿಸಿದರು. ಆ ವ್ಯವಸ್ಥೆಯ 'ಎಡ್' ಎಂಬ ಎಡಿಟರಿನಿಂದ ಹೊರಗಿನ ಕೆಲಸಕ್ಕೆ ಆಜ್ಞೆ ಕೊಡಲು ಇಟ್ಟುಕೊಂಡ ಗುರುತು ಆಶ್ಚರ್ಯಸೂಚಕ ಚಿಹ್ನೆ. 1976ರಲ್ಲಿ ಬಿಲ್ ಜಾಯ್ ಬರೆಯತೊಡಗಿದ 'ವಿಐ'ಯೂ, ಅದನ್ನು ಅನುಸರಿಸಿ ಬ್ರಾಮ್ ಮೂಲೆನಾರ್ 1991ರಲ್ಲಿ ಹೊರತಂದ 'ವಿಮ್' ಕೂಡ ಅದೇ ಚಿಹ್ನೆಯನ್ನು ಉಳಿಸಿಕೊಂಡಿವೆ. ವಿಮ್‌ನಲ್ಲಿ :%! ಎಂದು ಒತ್ತಿ ಮುಂದೆ ಒಂದು ಪ್ರೋಗ್ರಾಮಿನ ಹೆಸರನ್ನು ಬರೆದರೆ ಇಡೀ ಬರಹ ಆ ಪ್ರೋಗ್ರಾಮಿನ ಮೂಲಕ ಹಾದುಬರುತ್ತದೆ. ಹತ್ತೇ ಸಾಲುಗಳನ್ನು ಗುರುತಿಸಿದ್ದರೆ ಆ ಹತ್ತು ಮಾತ್ರ. 'ಈಮ್ಯಾಕ್ಸ್' ಎಂಬ ಎಡಿಟರಿನಲ್ಲಿ ಆಲ್ಟ್ ಕೀಲಿಯೊಡನೆ ಉದ್ದಗೆರೆಯ ಕೀಲಿಯನ್ನು ಒತ್ತಿದರೆ ಇದೇ ಕೆಲಸ; ಅದಕ್ಕೆ ಮೊದಲು ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒತ್ತಿದ್ದರೆ ಫಲವು ಮೂಲದ ಸ್ಥಾನದಲ್ಲಿಯೇ ಕೂರುತ್ತದೆ.

ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯನ್ನು ಹೇಳದಿರಲಾರೆವು. ಹುಡುಕುವುದಕ್ಕಾಗಿ ಲೋಕವೆಲ್ಲ ಬಳಸುವ 'ಗ್ರೆಪ್' ಎಂಬ ಪ್ರೋಗ್ರಾಮು ಮೊದಲು 'ಎಡ್' ಎಡಿಟರಿನ ಹೊಟ್ಟೆಯೊಳಗಿನ ಒಂದು ಆಜ್ಞೆಯಾಗಿತ್ತು. ಬ್ರಯನ್ ಕರ್ನಿಘನ್ ಹೇಳಿರುವ ಪ್ರಕಾರ, ಲೀ ಮೆಕ್‌ಮೆಹಾನ್ ಎಂಬವರು 'ಫೆಡರಲಿಸ್ಟ್' ಎಂಬ ಹಳೆಯ ಅಮೆರಿಕನ್ ಲೇಖನಮಾಲೆಯಲ್ಲಿ ಯಾವ ಲೇಖನ ಯಾರದೆಂದು ಪದಪ್ರಯೋಗದಿಂದ ಕಂಡುಹಿಡಿಯಲು ಯತ್ನಿಸುತ್ತಿದ್ದರು. ಆ ಗ್ರಂಥ ಎಡಿಟರಿನ ಸ್ಮೃತಿಯಲ್ಲಿ ಹಿಡಿಸಲಿಲ್ಲ. ಥಾಂಪ್ಸನ್ ಹುಡುಕುವ ಭಾಗವನ್ನು ಮಾತ್ರ ಹೊರತೆಗೆದು ಸ್ವತಂತ್ರ ಪ್ರೋಗ್ರಾಮನ್ನಾಗಿ ಮಾಡಿಕೊಟ್ಟರು. ಗ್ರಂಥದ ಕರ್ತೃವನ್ನು ಹುಡುಕುವ ವಿದ್ವಾಂಸನ ಅಗತ್ಯದಿಂದ ಹುಟ್ಟಿದ ಉಪಕರಣವಿದು. ಮಾನ್ವಿಯ ಜಗನ್ನಾಥದಾಸರ ನಾಡಿನಲ್ಲಿ, ಯಾವ ಪದ ಯಾವ ದಾಸರದೆಂದು ಅಂಕಿತಗಳನ್ನು ಹಿಡಿದು ವಿಚಾರಿಸುವವರಿಗೆ ಇದರ ಉಪಯೋಗವನ್ನು ಒತ್ತಿ ಹೇಳಬೇಕೆ?

ಈಗ ನಮ್ಮ ಪಟ್ಟಿಗೆ ಬರೋಣ. ಐ.ಸಿ.ಯು. ಎಂಬ ಸ್ವತಂತ್ರ ತಂತ್ರಾಂಶ ಭಂಡಾರದೊಡನೆ 'ಯುಕಾನ್ವ್' ಎಂಬ ಸಣ್ಣ ಪ್ರೋಗ್ರಾಮು ಬರುತ್ತದೆ. ಬಿಡಿಬಿಡಿಯಾದ ಏತ್ವವನ್ನೂ ದೀರ್ಘವನ್ನೂ ಕೂಡಿಸಿ ಎಲ್ಲ ದೇವದುರ್ಗಗಳನ್ನೂ ಒಂದೇ ರೂಪಕ್ಕೆ ತರುವ ಕೆಲಸ ಅದಕ್ಕೆ ಒಂದು ಆಜ್ಞೆಯಷ್ಟು. ಆಮೇಲೆ ಪಟ್ಟಿಯನ್ನು 'ಸಾರ್ಟ್' ಎಂಬುದರ ಮೂಲಕ ಹಾಯಿಸಿ, ಅಲ್ಲಿಂದ 'ಯುನಿಕ್' ಎಂಬುದಕ್ಕೆ ಎಣಿಸಲು ಹೇಳಿ ಕೊಟ್ಟರೆ ಪ್ರತಿಯೊಂದು ಹೆಸರೂ ಎಷ್ಟು ಸಲ ಬಂದಿದೆಯೆಂಬ ಲೆಕ್ಕ ಸಿಕ್ಕುತ್ತದೆ. ಮಾನ್ವಿಯೂ ಮಾನವಿಯೂ ಆಗ ಹತ್ತಿರ ಹತ್ತಿರ ಬಂದು ನಿಲ್ಲುತ್ತವೆ. ಯಾವುದನ್ನು ಇಟ್ಟುಕೊಳ್ಳಬೇಕೆಂಬುದನ್ನು ಮಾತ್ರ ಮನುಷ್ಯನೇ ತೀರ್ಮಾನಿಸಬೇಕು. ನಿಜವಾಗಿಯೇ ಬೇರೆ ಊರಾದ ನೀರಮಾನ್ವಿಯನ್ನು ಇವುಗಳೊಡನೆ ಬೆರೆಸಬಾರದೆಂಬ ವಿವೇಕ ಯಾವ ಪ್ರೋಗ್ರಾಮಿಗೂ ಇಲ್ಲ.

ಇನ್ನೊಂದು ಉದಾಹರಣೆ. 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಸಿರವಾರವೂ ಒಂದು. ಅದಕ್ಕೆ ಮೊದಲು ಅದು ಮಾನ್ವಿ ತಾಲ್ಲೂಕಿಗೆ ಸೇರಿತ್ತು. ಹಳೆಯ ಮಾನ್ವಿಯ ಗ್ರಾಮಗಳ ಪಟ್ಟಿಯೊಂದು, ಹೊಸ ಮಾನ್ವಿಯದೊಂದು ಕೈಯಲ್ಲಿದ್ದರೆ 'ಕಾಮ್' ಎಂಬ ಪ್ರೋಗ್ರಾಮು ಎರಡನ್ನೂ ಎದುರುಬದುರು ಇಟ್ಟು, ಮೊದಲನೆಯದರಲ್ಲಿ ಮಾತ್ರ ಇರುವವು, ಎರಡನೆಯದರಲ್ಲಿ ಮಾತ್ರ ಇರುವವು, ಎರಡರಲ್ಲಿಯೂ ಇರುವವು ಎಂದು ಮೂರು ಸಾಲು ಮಾಡಿ ತೋರಿಸುತ್ತದೆ. ಎರಡು ಪಟ್ಟಿಗಳೂ ಮೊದಲೇ ಒಂದೇ ಕ್ರಮದಲ್ಲಿ ವಿಂಗಡವಾಗಿರಬೇಕು.

ಆ ಕ್ರಮ ಯಾವುದು? ಕನ್ನಡಿಗರು ಎಚ್ಚರದಿಂದಿರಬೇಕಾದ ಸ್ಥಳವಿದು. ಯೂನಿಕೋಡಿನ ಅಂಕಿಗಳ ಕ್ರಮದಲ್ಲಿ ಳಕಾರವು ಲಕಾರದ ಮಗ್ಗುಲಲ್ಲಿ, ವಕಾರಕ್ಕಿಂತ ಮೊದಲು ಕುಳಿತಿದೆ. ನಮ್ಮ ವರ್ಣಮಾಲೆಯಲ್ಲಾದರೋ ಅದು ಹಕಾರವನ್ನೂ ದಾಟಿ ಕೊನೆಯಲ್ಲಿ ಬರುತ್ತದೆ. ಬರಿಯ ಅಂಕಿಗಳನ್ನು ನೋಡಿ ವಿಂಗಡಿಸಿದರೆ ಮಲೆನಾಡಿನ ಕಳಸ ಮೊದಲು ಬಂದು ನಮ್ಮ ಕವಿತಾಳ ಅದರ ಹಿಂದೆ ನಿಲ್ಲುತ್ತದೆ. ನಿಘಂಟನ್ನು ತಿರುವಿದವರಿಗೆ ಇದು ತಲೆಕೆಳಗೆಂದು ಕೂಡಲೇ ತಿಳಿದೀತು. ವಿಂಗಡಿಸುವ ಪ್ರೋಗ್ರಾಮಿಗೆ ಕನ್ನಡದ ಕ್ರಮವನ್ನು ಅನುಸರಿಸುವಂತೆ ಹೇಳಬೇಕು, ಹೇಳಿದ ಮೇಲೆ ಫಲವನ್ನು ಪರೀಕ್ಷಿಸಬೇಕು. ಇಂಥ ಸೂಕ್ಷ್ಮಗಳನ್ನೆಲ್ಲ ಎಡಿಟರಿನ ಕರ್ತೃವೇ ಅರಿತು ಅದರೊಳಗೆ ತುಂಬಲಿ ಎಂದು ಕಾಯುತ್ತ ಕೂರುವುದು ವ್ಯರ್ಥ. ಎಡಿಟರನ್ನು ಬರೆದವರಿಗೆ ಕನ್ನಡ ಬರಬೇಕಾಗಿಲ್ಲ. ಕನ್ನಡ ಬಲ್ಲವರೊಬ್ಬರು ಬರೆದ ಸಣ್ಣ ಪ್ರೋಗ್ರಾಮನ್ನು ಕರೆಯಲು ಅದಕ್ಕೆ ತಿಳಿದಿದ್ದರೆ ಸಾಕು. ನಮ್ಮಂಥ ಭಾಷೆಗಳಿಗೆ ಈ ಏರ್ಪಾಡು ಇಂಗ್ಲಿಷಿಗಿಂತಲೂ ಹೆಚ್ಚು ಅವಶ್ಯಕವೆಂದು ನಾವು ಹೇಳುವುದು ಈ ಕಾರಣದಿಂದ.

ಇದಕ್ಕೆ ವಿರೋಧವಾಗಿ ಹೇಳುವವರ ಮಾತಿನಲ್ಲಿಯೂ ಹುರುಳಿದೆ. ಎಡಿಟರು ಹೊರಗಿನ ಪ್ರೋಗ್ರಾಮನ್ನು ಕರೆಯಬಲ್ಲದೆಂದರೆ ಅಳಿಸುವ ಪ್ರೋಗ್ರಾಮನ್ನೂ ಕರೆಯಬಲ್ಲದು. ಕುಳಿತವನಿಗಿರುವ ಅಧಿಕಾರವೆಲ್ಲ ಆ ಆಜ್ಞೆಗೂ ಇರುತ್ತದೆ. 2019ರಲ್ಲಿ ವಿಮ್ ಮತ್ತು ಅದರ ಸಂತತಿಯಾದ ನಿಯೋವಿಮ್‌ಗಳಲ್ಲಿ ಗಂಭೀರವಾದ ದೋಷವೊಂದು ಬೆಳಕಿಗೆ ಬಂದಿತು. ಬರಹದ ಕಡತದಲ್ಲಿಯೇ ಎಡಿಟರಿಗೆ ಕೆಲವು ಸೂಚನೆಗಳನ್ನು ಬರೆದಿಡುವ 'ಮೋಡ್‌ಲೈನ್' ಎಂಬ ಸೌಕರ್ಯವನ್ನು ದುರುಪಯೋಗಪಡಿಸಿ, ಕಡತವನ್ನು ತೆರೆದಮಾತ್ರಕ್ಕೆ ಹೊರಗಿನ ಆಜ್ಞೆಯೊಂದು ನಡೆದುಬಿಡುವಂತೆ ಮಾಡಬಹುದಾಗಿತ್ತು. ದೋಷವನ್ನು ಬೇಗನೆ ಸರಿಪಡಿಸಲಾಯಿತು. ಆದರೂ ಇದನ್ನು ತೋರಿಸಿ, ಕಛೇರಿಯ ಯಂತ್ರಗಳಲ್ಲಿ ಇಂಥ ಎಡಿಟರುಗಳೇ ಬೇಡವೆನ್ನುವವರಿದ್ದಾರೆ. ನಾವು ಹಾಗೆನ್ನುವುದಿಲ್ಲ. ಕುಳಿತು ಕೆಲಸ ಮಾಡುವವನು ತಾನಾಗಿ ಕೊಡುವ ಆಜ್ಞೆ ಬೇರೆ. ಯಾರೋ ಕಳಿಸಿದ ಕಡತ ಕೊಡುವ ಆಜ್ಞೆ ಬೇರೆ. ಮೊದಲನೆಯದನ್ನು ಕಲಿಸಬೇಕು, ಎರಡನೆಯದನ್ನು ಮುಚ್ಚಬೇಕು. ಅಪರಿಚಿತ ಕಡತಗಳನ್ನು ತೆರೆಯುವವರು ಮೋಡ್‌ಲೈನನ್ನು ನಿಲ್ಲಿಸಿಯೇ ಇಟ್ಟುಕೊಳ್ಳುವುದು ಲೇಸು.

ಹೊಸಬರನ್ನು ಬೆಚ್ಚಿಬೀಳಿಸುವ ಮತ್ತೊಂದು ಸಂದರ್ಭವನ್ನೂ ಹೇಳಿಬಿಡುತ್ತೇವೆ. ಕರೆದ ಪ್ರೋಗ್ರಾಮಿನ ಹೆಸರು ತಪ್ಪಾಗಿದ್ದರೆ ವಿಮ್‌ನಲ್ಲಿ ಬರಹವೆಲ್ಲ ಮಾಯವಾಗಿ, 'ಅಂಥ ಆಜ್ಞೆ ಇಲ್ಲ' ಎಂಬರ್ಥದ ಒಂದು ಇಂಗ್ಲಿಷ್ ಸಾಲು ಮಾತ್ರ ಆ ಜಾಗದಲ್ಲಿ ಉಳಿಯಬಹುದು. ಗಾಬರಿಗೆ ಕಾರಣವಿಲ್ಲ. ಯು ಕೀಲಿಯನ್ನು ಒಮ್ಮೆ ಒತ್ತಿದರೆ ಹಿಂದಿನದೆಲ್ಲ ಮರಳುತ್ತದೆ. ಗಾಬರಿಯಿಂದ ಮೊದಲು ಉಳಿಸಿ ಮುಚ್ಚಿದವರಿಗೆ ಮಾತ್ರ ನಷ್ಟ.

ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಎಣಿಸಿದ ತಾಲ್ಲೂಕುಗಳಲ್ಲಿ ದೇವದುರ್ಗವೂ ಇತ್ತು. ಅಂಥ ಕಡೆಗೆ ಈ ವಿದ್ಯೆ ಐಷಾರಾಮದ್ದೆಂದು ಕೆಲವರು ಭಾವಿಸಬಹುದು. ನಮಗೆ ತೋರುವುದು ಇದಕ್ಕೆ ವ್ಯತಿರಿಕ್ತವಾಗಿ. ಈ ಪ್ರೋಗ್ರಾಮುಗಳಿಗೆ ಹಣ ಕೊಡಬೇಕಾಗಿಲ್ಲ. ಹತ್ತು ವರ್ಷದ ಹಳೆಯ ಯಂತ್ರದಲ್ಲಿಯೂ ಓಡುತ್ತವೆ. ಒಮ್ಮೆ ಸ್ಥಾಪಿಸಿದ ಮೇಲೆ ಅಂತರ್ಜಾಲದ ಹಂಗಿಲ್ಲ. ರಾಯಚೂರಿಗೆ 2019ರಲ್ಲಿ ಮಂಜೂರಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು ಇವನ್ನು ಹೇಗೂ ಕಲಿಯುತ್ತಾರೆ. ಕಲಿಸಬೇಕಾದದ್ದು ತಾಲ್ಲೂಕಿನ ಪದವಿ ಕಾಲೇಜಿನಲ್ಲಿ, ಕನ್ನಡ ಎಂ.ಎ. ತರಗತಿಯಲ್ಲಿ, ಡಿ.ಟಿ.ಪಿ. ಅಂಗಡಿಯ ಹುಡುಗನಿಗೆ, ಅದೂ ಕನ್ನಡದಲ್ಲಿ, ಕನ್ನಡದ ಪಟ್ಟಿಗಳನ್ನೇ ಮುಂದಿಟ್ಟುಕೊಂಡು.

ಕಲಿಯುವವರಿಗೆ ಎದುರಾಗುವ ಕಷ್ಟಗಳನ್ನು ಮರೆಮಾಚುವುದು ಸರಿಯಲ್ಲ. ಆಜ್ಞೆಗಳೆಲ್ಲ ರೋಮನ್ ಅಕ್ಷರಗಳಲ್ಲಿವೆ. ಕನ್ನಡವನ್ನು ಟೈಪು ಮಾಡುತ್ತಿದ್ದವನು ಪ್ರತಿ ಸಲವೂ ಕೀಲಿಮಣೆಯನ್ನು ಬದಲಿಸಬೇಕಾಗುತ್ತದೆ. ವಿಮ್‌ನಲ್ಲಿ 'ಕೀಮ್ಯಾಪ್' ಎಂಬ ಏರ್ಪಾಡಿದೆ. ಅದರಿಂದ ಬರೆಯುವಾಗ ಮಾತ್ರ ಅನ್ಯಲಿಪಿ ಮೂಡಿ, ಆಜ್ಞೆ ಕೊಡುವಾಗ ಕೀಲಿಗಳು ಮೊದಲಿನಂತೆಯೇ ಇರುತ್ತವೆ. ಈಮ್ಯಾಕ್ಸಿನಲ್ಲಿ ಕನ್ನಡವನ್ನು ಬರೆಯುವ ವಿಧಾನಗಳು ಒಳಗೇ ಇವೆ. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ಓದಲು ಬಾರದಂತಾಗುವುದೂ ಉಂಟು. ಪ್ರತಿ ಅಕ್ಷರಕ್ಕೂ ಸಮನಾದ ಚೌಕವನ್ನು ಅಳೆದುಕೊಡುವ ಅದರ ಪದ್ಧತಿ ನಮ್ಮ ಲಿಪಿಗೆ ಒಗ್ಗದು. ಹಾಗೆ ಕಂಡರೂ ಒಳಗಿನ ಬರಹ ಕೆಟ್ಟಿರುವುದಿಲ್ಲ. 2020ರಲ್ಲಿ ಹೊರಬಂದ 27ನೆಯ ಆವೃತ್ತಿಯಿಂದ ಈಮ್ಯಾಕ್ಸ್ 'ಹಾರ್ಫ್‌ಬಜ್' ಎಂಬ ಅಕ್ಷರಜೋಡಣೆಯ ಯಂತ್ರವನ್ನು ಬಳಸಬಲ್ಲದು. ತನ್ನದೇ ಕಿಟಕಿಯಲ್ಲಿ ತೆರೆದಾಗ ದೇವದುರ್ಗದ ಅರ್ಕಾವತ್ತನ್ನು ಅದು ಇರಬೇಕಾದಲ್ಲಿಯೇ ಇಡುತ್ತದೆ. ಆದುದರಿಂದ ಕನ್ನಡದ ಕೆಲಸಕ್ಕೆ ಹೊಸದಾಗಿ ತೊಡಗುವವರು ಸದ್ಯಕ್ಕೆ ಈಮ್ಯಾಕ್ಸಿನಿಂದಲೇ ಆರಂಭಿಸುವುದು ಅನುಕೂಲವೆಂದು ನಮ್ಮ ಅಭಿಪ್ರಾಯ. ವಿಮ್‌ನ ಅಭಿಮಾನಿಗಳು ನಮ್ಮ ಮೇಲೆ ಮುನಿಯಬಾರದು.